ಶೇಕ್ಸ್‌ಪಿಯರ್ ನಾಟಕಗಳನ್ನು ಬರೆದವನು ಯಾರು? ಅನುಮಾನ ಹುಟ್ಟಿದ್ದು ಎಲ್ಲಿಂದ, ದಾಖಲೆಗಳು ಹೇಳುವುದೇನು

ಶೇಕ್ಸ್‌ಪಿಯರ್ ಹೆಸರಿನಲ್ಲಿರುವ ನಾಟಕಗಳನ್ನು ಅವನು ಬರೆದೇ ಇಲ್ಲ ಅಂತ ನಂಬುವವರು ಜಗತ್ತಿನಲ್ಲಿ ಸಾಕಷ್ಟು ಜನ ಇದ್ದಾರೆ. ಓದು ಬರಹ ಇಲ್ಲದವರಲ್ಲ. ಮಾರ್ಕ್ ಟ್ವೇನ್ 1909ರಲ್ಲಿ ಈ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಸಿಗ್ಮಂಡ್ ಫ್ರಾಯ್ಡ್ ಕೂಡ ನಂಬಿದ್ದ. ಶೇಕ್ಸ್‌ಪಿಯರ್ ಪಾತ್ರಗಳನ್ನು ಮಾಡಿಯೇ ಹೆಸರಾದ ಡೆರೆಕ್ ಜಾಕೋಬಿ, ಮಾರ್ಕ್ ರೈಲನ್ಸ್‌ರಂಥ ನಟರು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ ಅಂತ 2007ರಲ್ಲಿ ಬಹಿರಂಗ ಮನವಿಯ ಜೊತೆ ನಿಂತರು. "ನಿಜವಾದ ಲೇಖಕ" ಅಂತ ಇದುವರೆಗೆ 80ಕ್ಕೂ ಹೆಚ್ಚು ಹೆಸರು ಮುಂದೆ ಬಂದಿವೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಬರೆದವನು ಸ್ಟ್ರಾಟ್‌ಫರ್ಡ್ ಊರಿನ ವಿಲಿಯಂ ಶೇಕ್ಸ್‌ಪಿಯರ್, ನಾಟಕ ಕಂಪನಿಯ ನಟ. ಇದನ್ನು ಅಭಿಮಾನದಿಂದ ಹೇಳುತ್ತಿಲ್ಲ, ಉಳಿದಿರುವ ಕಾಗದಗಳನ್ನು ನೋಡಿ ಹೇಳುತ್ತಿದ್ದೇನೆ. ಆದರೆ ಅನುಮಾನ ಯಾಕೆ ಹುಟ್ಟಿತು ಅನ್ನೋದು ನಾಟಕಗಳಷ್ಟೇ ಸ್ವಾರಸ್ಯವಾದ ಕಥೆ. ಇನ್ನೊಂದು ವಿಷಯ, ಈ ಗಲಾಟೆಯ ನಡುವೆ ನಿಜಕ್ಕೂ ಕೇಳಬೇಕಾದ ಒಂದು ಪ್ರಶ್ನೆ ಮರೆಯಾಗಿಬಿಡುತ್ತದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಅನುಮಾನ ಪಡುವವರ ವಾದ ಏನು ಅಂತ ನೋಡೋಣ. ಸುಮ್ನೆ ತಳ್ಳಿಹಾಕುವಂಥದ್ದಲ್ಲ ಅದು. 1564ರಲ್ಲಿ ಒಂದು ಸಣ್ಣ ಪೇಟೆಯಲ್ಲಿ ಹುಟ್ಟಿದವನು, ಅಪ್ಪ ಕೈಗವಸು ಹೊಲಿಯುವವನು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಇಂಗ್ಲೆಂಡ್ ಬಿಟ್ಟು ಹೊರಗೆ ಹೋದ ಬಗ್ಗೆ ಒಂದು ದಾಖಲೆಯೂ ಇಲ್ಲ. ಅಂಥವನಿಗೆ ಅರಮನೆಯ ರೀತಿನೀತಿ, ಕಾನೂನಿನ ಭಾಷೆ, ಇಟಲಿಯ ಊರುಗಳು, ರೋಮಿನ ಇತಿಹಾಸ ಇವೆಲ್ಲ ಹೇಗೆ ಗೊತ್ತು? ಅವನ ಕೈಬರಹ ಅಂತ ಎಲ್ಲರೂ ಒಪ್ಪುವುದು ಆರೇ ಆರು ಸಹಿ. 1612ರ ಒಂದು ಕೋರ್ಟ್ ಸಾಕ್ಷ್ಯದ ಮೇಲೆ ಒಂದು, 1613ರಲ್ಲಿ ಲಂಡನ್ನಿನಲ್ಲಿ ಮನೆ ಕೊಂಡಾಗಿನ ಪತ್ರಗಳ ಮೇಲೆ ಎರಡು, 1616ರ ಉಯಿಲಿನ ಮೇಲೆ ಮೂರು. ಆರೂ ಸೊಟ್ಟಸೊಟ್ಟ, ಒಂದರ ಸ್ಪೆಲ್ಲಿಂಗ್ ಇನ್ನೊಂದರ ಹಾಗಿಲ್ಲ. ಆ ಉಯಿಲಿನಲ್ಲಿ ಹೆಂಡತಿಗೆ ಮನೆಯ ಎರಡನೇ ದರ್ಜೆಯ ಮಂಚ ಬರೆದಿದ್ದಾನೆ, ಆದರೆ ಪುಸ್ತಕಗಳ ಮಾತೇ ಇಲ್ಲ. ನಾಟಕದ ಹಸ್ತಪ್ರತಿಗಳ ಮಾತೂ ಇಲ್ಲ. ಅವನ ಮಗಳು ಜುಡಿತ್ ಹೆಸರು ಬರೆಯುವ ಜಾಗದಲ್ಲಿ ಗುರುತು ಹಾಕಿದ್ದಾಳೆ. ಜಗತ್ತಿನ ದೊಡ್ಡ ಕವಿಯ ಮನೆಯ ಸ್ಥಿತಿ ಇದಾ ಅನ್ನೋದು ಅವರ ಪ್ರಶ್ನೆ.

ಒಟ್ಟಿಗೆ ಓದಿದರೆ ಯಾರಿಗಾದರೂ ಒಂದು ಕ್ಷಣ ಹೌದಲ್ವಾ ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಚಿತ್ರ ಬೇರೆ.

ಓದಿನ ವಿಷಯ ತಗೊಳ್ಳಿ. ಅಪ್ಪ ಜಾನ್ ಶೇಕ್ಸ್‌ಪಿಯರ್ ಕೈಗವಸಿನವನಾದರೂ 1568ರಲ್ಲಿ ಊರಿನ ಮೇಯರ್ ಮಟ್ಟದ ಅಧಿಕಾರಿಯಾಗಿದ್ದ. ಊರಿನಲ್ಲಿ ಒಳ್ಳೆಯ ಗ್ರಾಮರ್ ಶಾಲೆ ಇತ್ತು, ಅಲ್ಲಿನ ಮೇಷ್ಟ್ರುಗಳು ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವರು. ಆ ಕಾಲದ ಹಾಜರಿ ಪುಸ್ತಕ ಉಳಿದಿಲ್ಲ, ಯಾವ ಹುಡುಗನದ್ದೂ ಉಳಿದಿಲ್ಲ. ಇಂಥ ಶಾಲೆಗಳಲ್ಲಿ ಕಲಿಸುತ್ತಿದ್ದದ್ದು ಬಹುಪಾಲು ಲ್ಯಾಟಿನ್. ಬೆಳಿಗ್ಗೆಯಿಂದ ಸಂಜೆವರೆಗೆ ಓವಿಡ್, ಟೆರೆನ್ಸ್, ಸಿಸೆರೊ. ಶೇಕ್ಸ್‌ಪಿಯರ್‌ನ ವಿಂಡ್ಸರ್ ಹೆಂಗಸರ ನಾಟಕದಲ್ಲಿ ಒಂದು ದೃಶ್ಯ ಬರುತ್ತದೆ. ಮೇಷ್ಟ್ರು ಒಬ್ಬ ಹುಡುಗನನ್ನು ನಿಲ್ಲಿಸಿ ಲ್ಯಾಟಿನ್ ವ್ಯಾಕರಣ ಕೇಳುತ್ತಾನೆ. ಲಾಪಿಸ್ ಅಂದರೆ ಏನು? ಕಲ್ಲು. ಕಲ್ಲು ಅಂದರೆ ಏನು? ಹುಡುಗ ತಬ್ಬಿಬ್ಬಾಗಿ ಬೆಣಚುಕಲ್ಲು ಅಂತಾನೆ, ಮೇಷ್ಟ್ರು ಇಲ್ಲ ಇಲ್ಲ, ಲಾಪಿಸ್ ಅಂತ ನೆನಪಿಟ್ಟುಕೋ ಅಂತಾನೆ. ಆಗಿನ ಗ್ರಾಮರ್ ಶಾಲೆಗಳಲ್ಲೆಲ್ಲ ಕಲಿಸುತ್ತಿದ್ದ ಲಿಲಿಯ ವ್ಯಾಕರಣ ಪುಸ್ತಕದ ಪಾಠ ಅದು. ಆ ದೃಶ್ಯದ ಹುಡುಗನ ಹೆಸರು ವಿಲಿಯಂ. ಶಾಲೆಯ ಬೆಂಚಿನ ಮೇಲೆ ಕೂತು ಇದೇ ಬಾಯಿಪಾಠ ಮಾಡಿದವನು ಬರೆದ ದೃಶ್ಯ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ವಿಶ್ವವಿದ್ಯಾಲಯಕ್ಕೆ ಹೋಗದೆ ದೊಡ್ಡ ನಾಟಕಕಾರ ಆಗೋದು ಆಗ ವಿಚಿತ್ರವೂ ಆಗಿರಲಿಲ್ಲ. ಆ ಕಾಲದ ಮಹಾಪಂಡಿತ ನಾಟಕಕಾರ ಬೆನ್ ಜಾನ್ಸನ್‌ನ ಮಲತಂದೆ ಇಟ್ಟಿಗೆ ಕೆಲಸದವನು, ಜಾನ್ಸನ್ ಕೂಡ ಆ ಕೆಲಸ ಮಾಡಿದ್ದ. ಥಾಮಸ್ ಕಿಡ್ ಬರವಣಿಗೆ ಗುಮಾಸ್ತನ ಮಗ. ಕ್ರಿಸ್ಟೋಫರ್ ಮಾರ್ಲೋ ಕೇಂಬ್ರಿಜ್‌ಗೆ ಹೋದವನು ನಿಜ, ಅವನಪ್ಪ ಚಪ್ಪಲಿ ಹೊಲಿಯುವವನು. ಲಂಡನ್ನಿನ ರಂಗಭೂಮಿಯನ್ನು ಕಟ್ಟಿದವರಲ್ಲಿ ಕಸುಬುದಾರರ ಮಕ್ಕಳೇ ಜಾಸ್ತಿ. ಕುಲೀನರು ನಾಟಕ ನೋಡುತ್ತಿದ್ದರು, ದುಡ್ಡು ಕೊಡುತ್ತಿದ್ದರು. ದಿನಾ ಸಾವಿರಾರು ಜನರ ಎದುರು ಆಡುವ ನಾಟಕವನ್ನು ಬರೆದುಕೊಟ್ಟವರು ಈ ಹುಡುಗರು.

ಇನ್ನು ಇಟಲಿ, ರೋಮ್, ಅರಮನೆ. ಅವನು ಇವನ್ನೆಲ್ಲ ಪುಸ್ತಕಗಳಿಂದ ತೆಗೆದ, ಯಾವ ಪುಸ್ತಕಗಳಿಂದ ಅನ್ನೋದೂ ಗೊತ್ತಿದೆ. ರೋಮಿನ ಕಥೆಗಳು ಬಂದದ್ದು 1579ರಲ್ಲಿ ಥಾಮಸ್ ನಾರ್ತ್ ಇಂಗ್ಲಿಷಿಗೆ ತಂದ, ಹಳೆಯ ಗ್ರೀಕ್ ಲೇಖಕ ಪ್ಲುಟಾರ್ಕ್‌ನ ಜೀವನಚರಿತ್ರೆಗಳಿಂದ. ಕ್ಲಿಯೋಪಾತ್ರಾ ದೋಣಿಯಲ್ಲಿ ಬರುವ ಪ್ರಸಿದ್ಧ ವರ್ಣನೆಯನ್ನೇ ನೋಡಿ. ಚಿನ್ನದ ಹಿಂಬದಿ, ನೇರಳೆ ಹಾಯಿ, ಬೆಳ್ಳಿಯ ಹುಟ್ಟು, ಕೊಳಲಿನ ನಾದಕ್ಕೆ ತಾಳ ಹಿಡಿದು ಬೀಳುವ ಹುಟ್ಟಿನ ಏಟು, ಇವೆಲ್ಲ ನಾರ್ತ್‌ನ ಗದ್ಯದಲ್ಲಿ ಆಗಲೇ ಇವೆ. ಶೇಕ್ಸ್‌ಪಿಯರ್ ಸೇರಿಸಿದ್ದು ಆ ಹಾಯಿಯ ಪರಿಮಳಕ್ಕೆ ಗಾಳಿಯೇ ಪ್ರೇಮದಲ್ಲಿ ಬಿದ್ದಿತ್ತು, ಹುಟ್ಟಿನ ಏಟಿಗೆ ನೀರೇ ಮರುಳಾಗಿ ಹಿಂದೆ ಬರುತ್ತಿತ್ತು ಅನ್ನೋದನ್ನು. ದೇಶ ಸುತ್ತಿ ಬಂದವನು ಸೇರಿಸುವ ವಿವರ ಅಲ್ಲ ಇದು. ಕವಿ ಸೇರಿಸುವ ವಿವರ. ಈ ಪ್ಲುಟಾರ್ಕ್‌ನ ಎರಡನೇ ಮುದ್ರಣವನ್ನು 1595ರಲ್ಲಿ ಅಚ್ಚು ಹಾಕಿದವನು ರಿಚರ್ಡ್ ಫೀಲ್ಡ್, ಅವನೂ ಸ್ಟ್ರಾಟ್‌ಫರ್ಡ್‌ನವನೇ. 1593ರಲ್ಲಿ ಶೇಕ್ಸ್‌ಪಿಯರ್‌ನ ಮೊದಲ ಕಾವ್ಯವನ್ನು ಅಚ್ಚು ಮಾಡಿದ್ದೂ ಇದೇ ಫೀಲ್ಡ್. ಒಂದೇ ಊರಿನ ಇಬ್ಬರು ಹುಡುಗರು ಲಂಡನ್ನಿನಲ್ಲಿ, ಅದರಲ್ಲಿ ಒಬ್ಬನದ್ದು ಪ್ರಿಂಟಿಂಗ್ ಪ್ರೆಸ್. ಪುಸ್ತಕ ಎಲ್ಲಿ ಸಿಕ್ಕಿತು ಅಂತ ಕೇಳುವವರು ಇದನ್ನು ಗಮನಿಸಬೇಕು.

ಕನ್ನಡದಲ್ಲಿ ಓದುವ ನಮಗೆ ಇದು ಹೊಸದೇನಲ್ಲ. ಕುವೆಂಪು ಅವರು ಹ್ಯಾಮ್ಲೆಟ್ ಕಥೆಯನ್ನು ಬಿದನೂರಿನ ಇತಿಹಾಸಕ್ಕೆ ಹೊಂದಿಸಿ ರಕ್ತಾಕ್ಷಿ ಬರೆದರು. ಅದಕ್ಕಾಗಿ ಅವರು ಡೆನ್ಮಾರ್ಕ್ ನೋಡಿರಬೇಕಾಗಿರಲಿಲ್ಲ. ಶೇಕ್ಸ್‌ಪಿಯರ್ ಕೂಡ ಹ್ಯಾಮ್ಲೆಟ್ ಕಥೆಯನ್ನು ತಾನೇ ಹುಟ್ಟಿಸಿದವನಲ್ಲ. ಅವನಿಗಿಂತ ಮೊದಲೇ ಲಂಡನ್ನಿನ ರಂಗದ ಮೇಲೆ ಒಂದು ಹ್ಯಾಮ್ಲೆಟ್ ನಾಟಕ ಓಡಾಡುತ್ತಿತ್ತು.

ಉಯಿಲಿಗೆ ಬರೋಣ. ಪುಸ್ತಕ ಯಾಕಿಲ್ಲ? ಆಗಿನ ಪದ್ಧತಿಯಲ್ಲಿ ಮನೆಯ ಸಾಮಾನುಗಳ ಪಟ್ಟಿ ಬೇರೆಯೇ ಇರುತ್ತಿತ್ತು, ಶೇಕ್ಸ್‌ಪಿಯರ್‌ನ ಆ ಪಟ್ಟಿ ಕಳೆದುಹೋಗಿದೆ. ನಾಟಕಗಳು ಯಾಕಿಲ್ಲ? ಅವು ಅವನ ಸೊತ್ತೇ ಅಲ್ಲ. ನಾಟಕ ಕಂಪನಿಯ ಸೊತ್ತು. ಆದರೆ ಅದೇ ಉಯಿಲಿನಲ್ಲಿ ಇರುವ ಇನ್ನೊಂದು ಸಾಲನ್ನು ಅನುಮಾನದವರು ಬೇಗ ದಾಟಿಬಿಡುತ್ತಾರೆ. ನನ್ನ ಜೊತೆಗಾರರಾದ ಜಾನ್ ಹೆಮಿಂಗ್ಸ್, ರಿಚರ್ಡ್ ಬರ್ಬೇಜ್, ಹೆನ್ರಿ ಕಾಂಡೆಲ್ ಇವರಿಗೆ ಉಂಗುರ ಮಾಡಿಸಿಕೊಳ್ಳಲು ತಲಾ 26 ಶಿಲಿಂಗ್ 8 ಪೆನ್ಸ್ ಅಂತ ಬರೆದಿದೆ. ಮೂವರೂ ಲಂಡನ್ನಿನ ಅದೇ ಕಂಪನಿಯ ನಟರು. ಬರ್ಬೇಜ್ ಹ್ಯಾಮ್ಲೆಟ್, ಲಿಯರ್ ಪಾತ್ರಗಳನ್ನು ಮೊದಲು ಮಾಡಿದವನು, 1619ರಲ್ಲಿ ತೀರಿಕೊಂಡ. ಉಳಿದ ಇಬ್ಬರು, ಹೆಮಿಂಗ್ಸ್ ಮತ್ತು ಕಾಂಡೆಲ್, 1623ರಲ್ಲಿ ಶೇಕ್ಸ್‌ಪಿಯರ್‌ನ 36 ನಾಟಕಗಳನ್ನು ಸೇರಿಸಿ ಒಂದು ದೊಡ್ಡ ಸಂಪುಟ ತಂದರು. ಅದನ್ನೇ ಫಸ್ಟ್ ಫೋಲಿಯೋ ಅನ್ನೋದು. ಅದರಲ್ಲಿ 18 ನಾಟಕಗಳು ಅಲ್ಲಿಯವರೆಗೆ ಅಚ್ಚಾಗಿಯೇ ಇರಲಿಲ್ಲ, ಮ್ಯಾಕ್‌ಬೆತ್ ಕೂಡ. ಮುನ್ನುಡಿಯಲ್ಲಿ ಅವರು ನಮ್ಮ ಸ್ನೇಹಿತ, ನಮ್ಮ ಜೊತೆಗಾರ ಶೇಕ್ಸ್‌ಪಿಯರ್‌ನ ನೆನಪಿಗೆ ಅಂತ ಬರೆದರು. ಅದೇ ಸಂಪುಟದಲ್ಲಿ ಬೆನ್ ಜಾನ್ಸನ್ ಅವನನ್ನು ಏವನ್ ನದಿಯ ಹಂಸ ಅಂತ ಕರೆದ (ಸ್ಟ್ರಾಟ್‌ಫರ್ಡ್ ಇರುವುದು ಆ ನದಿಯ ದಡದಲ್ಲೇ), ಇನ್ನೊಬ್ಬ ಕವಿ ಸ್ಟ್ರಾಟ್‌ಫರ್ಡ್‌ನಲ್ಲಿರುವ ಅವನ ಸ್ಮಾರಕದ ಬಗ್ಗೆ ಬರೆದ. ಹಳ್ಳಿಯ ಶೇಕ್ಸ್‌ಪಿಯರ್ ಬೇರೆ, ಲಂಡನ್ನಿನ ಕವಿ ಬೇರೆ ಅನ್ನುವ ವಾದ ಇಲ್ಲಿಗೆ ಬಂದು ನಿಲ್ಲುತ್ತದೆ. ಉಯಿಲು ಮತ್ತು ಫೋಲಿಯೋ ಎರಡೂ ಕಡೆ ಅದೇ ಮನುಷ್ಯರು ಇದ್ದಾರೆ.

ಹೊಗಳಿಕೆಗಿಂತ ನನಗೆ ಜಾಸ್ತಿ ನಂಬಿಕೆ ಹುಟ್ಟಿಸೋದು ಜಾನ್ಸನ್‌ನ ಗೊಣಗಾಟ. ಶೇಕ್ಸ್‌ಪಿಯರ್ ಬರೆದ ಒಂದು ಸಾಲನ್ನೂ ಹೊಡೆದುಹಾಕುತ್ತಿರಲಿಲ್ಲ ಅಂತ ನಟರು ಹೆಮ್ಮೆಯಿಂದ ಹೇಳುತ್ತಿದ್ದರಂತೆ. ಜಾನ್ಸನ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ: ಸಾವಿರ ಸಾಲು ಹೊಡೆದುಹಾಕಿದ್ದರೆ ಚೆನ್ನಾಗಿತ್ತು. ಮುಂದೆಯೇ, ಆ ಮನುಷ್ಯನನ್ನು ನಾನು ಪ್ರೀತಿಸುತ್ತಿದ್ದೆ, ಪೂಜೆ ಮಾಡೋದೊಂದನ್ನು ಬಿಟ್ಟು ಬೇರೆಲ್ಲ ಗೌರವ ಅವನಿಗೆ ಕೊಡುತ್ತೇನೆ ಅಂತ. ಇದು ಅಚ್ಚಾಗಿದ್ದು ಜಾನ್ಸನ್ ಸತ್ತ ಮೇಲೆ. ಯಾರದ್ದೋ ಗುಟ್ಟು ಕಾಪಾಡಲು ಸುಳ್ಳು ಹೇಳುವವನು ಹೀಗೆ ಬರೆಯುವುದಿಲ್ಲ. ತನಗಿಂತ ಸಲೀಸಾಗಿ ಬರೆಯುತ್ತಿದ್ದ ಗೆಳೆಯನ ಬಗ್ಗೆ ಇನ್ನೊಬ್ಬ ಬರಹಗಾರನಿಗಿರುವ ಪ್ರೀತಿ, ಸಿಟ್ಟು ಎರಡೂ ಅದರಲ್ಲಿ ಇವೆ.

ಇನ್ನೊಂದು ಸಣ್ಣ ಪುರಾವೆ ಇದೆ, ಅದು ಸಿಕ್ಕಾಪಟ್ಟೆ ಸೊಗಸಾಗಿದೆ. ಜಾರ್ಜ್ ಬಕ್ ಅನ್ನುವವನು ಆಮೇಲೆ ಅರಮನೆಯ ಪರವಾಗಿ ನಾಟಕಗಳಿಗೆ ಪರವಾನಗಿ ಕೊಡುವ ಅಧಿಕಾರಿಯಾದವನು. ಅವನ ಹತ್ತಿರ 1599ರಲ್ಲಿ ಅಚ್ಚಾದ, ಲೇಖಕನ ಹೆಸರಿಲ್ಲದ ಒಂದು ನಾಟಕ ಇತ್ತು. ಯಾರು ಬರೆದದ್ದು ಅಂತ ವಿಚಾರಿಸಿ ಮೊದಲ ಪುಟದ ಮೇಲೆ ಕೈಯಲ್ಲಿ ಗುರುತು ಮಾಡಿಕೊಂಡ: ಒಬ್ಬ ಪಾದ್ರಿ ಬರೆದದ್ದು, ಮುಖ್ಯ ಪಾತ್ರವನ್ನು ಅವನೇ ಮಾಡಿದ್ದ, ಹೀಗೆ ಹೇಳಿದವನು ಡಬ್ಲ್ಯೂ ಶೇಕ್ಸ್‌ಪಿಯರ್. ಪಾದ್ರಿಯ ಹೆಸರಿನ ಜಾಗ ಖಾಲಿ, ಬಹುಶಃ ಶೇಕ್ಸ್‌ಪಿಯರ್‌ಗೆ ನೆನಪಾಗಿರಲಿಲ್ಲ. ಆ ಪ್ರತಿ ಈಗ ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯದಲ್ಲಿದೆ. ನಾಟಕ ಯಾರದ್ದು ಅಂತ ತಿಳಿಯಬೇಕಾದಾಗ ಕೇಳಬೇಕಾದ ಮನುಷ್ಯ ಇವನು ಅಂತ ಆ ಕಾಲದವರಿಗೆ ಅನ್ನಿಸಿತ್ತು.

ಹಾಗಾದರೆ ಅನುಮಾನ ಎಲ್ಲಿಂದ ಬಂತು? ಅವನ ಕಾಲದಲ್ಲಿ ಇರಲಿಲ್ಲ, ಅವನು ಸತ್ತ ಮುಂದಿನ ಶತಮಾನದಲ್ಲೂ ಇರಲಿಲ್ಲ. 1785ರಲ್ಲೇ ಒಬ್ಬ ಪಾದ್ರಿ ಅನುಮಾನ ಪಟ್ಟಿದ್ದ ಅನ್ನುವ ಒಂದು ಹಸ್ತಪ್ರತಿಯ ವಿಷಯ 1932ರಲ್ಲಿ ಬೆಳಕಿಗೆ ಬಂದು ಬಹಳ ಸದ್ದು ಮಾಡಿತು. ಆದರೆ ಅದು ನಕಲಿ, ಆ ಪಾದ್ರಿಯ ಕಾಲಕ್ಕೆ ಇನ್ನೂ ಯಾರಿಗೂ ಗೊತ್ತಿರದಿದ್ದ ದಾಖಲೆಗಳ ವಿವರ ಅದರಲ್ಲಿ ಇದ್ದವು. ಬಹಿರಂಗವಾಗಿ ಪ್ರಶ್ನೆ ಎದ್ದದ್ದು 1840, 50ರ ದಶಕದಲ್ಲಿ.

ಕಾರಣ ಎರಡು ಅಂತ ನನಗೆ ಅನ್ನಿಸುತ್ತದೆ. ಮೊದಲನೆಯದು ಎಡ್ಮಂಡ್ ಮಲೋನ್ ಎಂಬ ದೊಡ್ಡ ವಿದ್ವಾಂಸನ ಒಂದು ಅಭ್ಯಾಸ. 18ನೇ ಶತಮಾನದ ಕೊನೆಯಲ್ಲಿ ನಾಟಕಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದವನು ಅವನು, ಹಾಗೆ ಮಾಡುವಾಗ ಸಾನೆಟ್‌ಗಳಲ್ಲಿ, ನಾಟಕಗಳಲ್ಲಿ ಕವಿಯ ಸ್ವಂತ ಬದುಕನ್ನು ಹುಡುಕತೊಡಗಿದ. ಬರಹ ಅಂದರೆ ಬರೆದವನ ಬದುಕಿನ ಕನ್ನಡಿ ಅನ್ನೋ ನಂಬಿಕೆ ಅಲ್ಲಿಂದ ಬೇರು ಬಿಟ್ಟಿತು. ಒಂದು ಸಲ ಅದನ್ನು ಒಪ್ಪಿಕೊಂಡರೆ ಮುಂದಿನ ಹೆಜ್ಜೆ ಸುಲಭ. ನಾಟಕಗಳಲ್ಲಿ ರಾಜರು, ಸಂಚು, ದೇಶಭ್ರಷ್ಟರು. ದಾಖಲೆಗಳಲ್ಲಿ ಜಮೀನು ವ್ಯಾಪಾರ, ಧಾನ್ಯದ ದಾಸ್ತಾನು, ಸಾಲ ವಸೂಲಿ. ಹೊಂದಲಿಲ್ಲ. ಹೊಂದದಿದ್ದಾಗ ಆ ನಂಬಿಕೆ ತಪ್ಪು ಅನ್ನುವ ಬದಲು ಮನುಷ್ಯನೇ ತಪ್ಪು ಅಂದುಬಿಟ್ಟರು. ಎರಡನೆಯ ಕಾರಣ, 1795ರಲ್ಲಿ ಜರ್ಮನಿಯ ವುಲ್ಫ್ ಎಂಬ ವಿದ್ವಾಂಸ ಹೋಮರ್ ಒಬ್ಬನೇ ಕವಿ ಅನ್ನೋದನ್ನು ಪ್ರಶ್ನಿಸಿದ, ಮುಂದೆ ಬೈಬಲ್ಲಿಗೂ ಅದೇ ಬಗೆಯ ಪರೀಕ್ಷೆ ಶುರುವಾಯಿತು. ಗಾಳಿಯಲ್ಲೇ ಅನುಮಾನ ಇತ್ತು. ಏಸು ಚರಿತ್ರೆಯನ್ನು ಪ್ರಶ್ನಿಸಿದವರನ್ನು ಅಣಕಿಸಲು ಅಮೆರಿಕದ ಶ್ಮುಕರ್ ಎಂಬಾತ 1848ರಲ್ಲಿ ಒಂದು ಪುಸ್ತಕ ಬರೆದ. ನೋಡಿ, ಇದೇ ದಾರಿ ಹಿಡಿದರೆ ಶೇಕ್ಸ್‌ಪಿಯರ್ ಇರಲೇ ಇಲ್ಲ ಅಂತಲೂ ಸಾಧಿಸಬಹುದು ಅಂತ. ಅವನು ಅಣಕಕ್ಕೆ ಹೂಡಿದಂಥ ವಾದಗಳನ್ನೇ ಆಮೇಲೆ ಬಂದವರು ಮನಃಪೂರ್ವಕವಾಗಿ ಹೂಡಿದರು.

ಅದರಲ್ಲಿ ಮೊದಲು ನೆನೆಯಬೇಕಾದವಳು ಡೆಲಿಯಾ ಬೇಕನ್. ಅಮೆರಿಕದವಳು, ಅಪಾರ ಬುದ್ಧಿವಂತೆ, ಒಳ್ಳೆಯ ಉಪನ್ಯಾಸಕಿ. ಫ್ರಾನ್ಸಿಸ್ ಬೇಕನ್, ವಾಲ್ಟರ್ ರ‍್ಯಾಲಿ ಮೊದಲಾದ ರಾಜಕಾರಣಿಗಳ ಒಂದು ಗುಂಪು ರಾಜಪ್ರಭುತ್ವದ ವಿರುದ್ಧದ ತಮ್ಮ ವಿಚಾರಗಳನ್ನು ನಾಟಕಗಳಲ್ಲಿ ಅಡಗಿಸಿಟ್ಟಿತು ಅನ್ನೋದು ಅವಳ ನಂಬಿಕೆ. ಫ್ರಾನ್ಸಿಸ್ ಬೇಕನ್‌ಗೂ ಅವಳಿಗೂ ರಕ್ತಸಂಬಂಧ ಇರಲಿಲ್ಲ. 1856ರಲ್ಲಿ ಲೇಖನ ಬರೆದಳು, 1857ರಲ್ಲಿ ದಪ್ಪ ಪುಸ್ತಕ ತಂದಳು. ನಡುವೆ ಸ್ಟ್ರಾಟ್‌ಫರ್ಡ್ ಚರ್ಚಿಗೆ ಹೋಗಿ, ಸಮಾಧಿಯಲ್ಲಿ ಕಾಗದಗಳಿವೆ ಅನ್ನುವ ಆಸೆಯಲ್ಲಿ ರಾತ್ರಿ ಲಾಟೀನು ಹಿಡಿದು ಅಲ್ಲೇ ಕೂತಳು. ತೆರೆಯುವ ಧೈರ್ಯ ಬರಲಿಲ್ಲ, ಎದ್ದು ಬಂದಳು. ಎರಡು ವರ್ಷದಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳನ್ನು ಲೇವಡಿ ಮಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಾಟಕಗಳಲ್ಲಿರುವ ರಾಜಕೀಯ ಚಿಂತನೆಯನ್ನು ಅಷ್ಟು ಗಂಭೀರವಾಗಿ ಓದಿದವರು ಆಗ ಬಹಳ ಕಡಿಮೆ. ಅವಳ ಓದು ಚುರುಕಾಗಿತ್ತು, ತಲುಪಿದ ತೀರ್ಮಾನ ದಾರಿ ತಪ್ಪಿತು.

ಅವಳ ನಂತರ ಬೇಕನ್ ಪರ ಬಂದವರು ಗುಪ್ತಲಿಪಿಯ ಹಿಂದೆ ಬಿದ್ದರು. 1888ರಲ್ಲಿ ಇಗ್ನೇಷಿಯಸ್ ಡೊನೆಲ್ಲಿ ಎಂಬ ಅಮೆರಿಕದ ರಾಜಕಾರಣಿ ಫೋಲಿಯೋದ ಪುಟಸಂಖ್ಯೆ, ಪದಸಂಖ್ಯೆ ಎಣಿಸಿ ಸಂದೇಶ ಸಿಕ್ಕಿತು ಅಂದ. ಆಮೇಲೆ ಒಬ್ಬ ವೈದ್ಯ ಬ್ರಿಟನ್ನಿನ ವೈ ನದಿಯ ತಳ ಅಗೆಸಿದ, ಹಸ್ತಪ್ರತಿಗಳ ಪೆಟ್ಟಿಗೆ ಸಿಗಲಿಲ್ಲ. ಆದರೆ ಈ ಹುಚ್ಚಿನಿಂದ ಜಗತ್ತಿಗೆ ಒಂದು ದೊಡ್ಡ ಉಪಕಾರವಾಯಿತು. ಷಿಕಾಗೋ ಹತ್ತಿರ ರಿವರ್‌ಬ್ಯಾಂಕ್ ಅನ್ನುವಲ್ಲಿ ಒಬ್ಬ ಸಾಹುಕಾರ ಫೋಲಿಯೋದಲ್ಲಿ ಬೇಕನ್‌ನ ಗುಪ್ತಲಿಪಿ ಹುಡುಕಲು ಜನರನ್ನು ಇಟ್ಟುಕೊಂಡಿದ್ದ. ಎಲಿಜೆಬೆತ್ ಎಂಬ ಯುವತಿ 1916ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದಳು, ವಿಲಿಯಂ ಫ್ರೀಡ್‌ಮನ್ ಎಂಬ ತಳಿವಿಜ್ಞಾನದ ಹುಡುಗ ಅಲ್ಲೇ ಇದ್ದ, ಇಬ್ಬರೂ ಮದುವೆಯಾದರು. ಲಿಪಿ ಹುಡುಕುತ್ತಾ ಹೋದಂತೆ ಅಲ್ಲಿ ಏನೂ ಇಲ್ಲ ಅಂತ ಅವರಿಗೆ ಗೊತ್ತಾಯಿತು, ಆದರೆ ಗುಪ್ತಲಿಪಿ ಒಡೆಯುವ ವಿದ್ಯೆ ಕರಗತವಾಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನಿನ ರಹಸ್ಯ ಸಂಕೇತವನ್ನು ಭೇದಿಸಿದ ಅಮೆರಿಕದ ತಂಡದ ಮುಖ್ಯಸ್ಥ ಇದೇ ಫ್ರೀಡ್‌ಮನ್. 1957ರಲ್ಲಿ ಗಂಡ ಹೆಂಡತಿ ಸೇರಿ ಪುಸ್ತಕ ಬರೆದು ಶೇಕ್ಸ್‌ಪಿಯರ್ ಗುಪ್ತಲಿಪಿಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿದರು. ಅವರ ಕೇಳಿಕೆ ಸರಳ: ನಿಮ್ಮ ಸೂತ್ರ ನಿಜವಾದರೆ ಬೇರೆಯವರು ಅದನ್ನೇ ಬಳಸಿದಾಗಲೂ ಅದೇ ಸಂದೇಶ ಬರಬೇಕು, ಬೇರೆ ಯಾವುದೂ ಬರಬಾರದು. ಒಂದು ಸೂತ್ರವೂ ನಿಲ್ಲಲಿಲ್ಲ. ಆ ಪುಸ್ತಕದ ಒಂದು ಪುಟದಲ್ಲಿ ಅವರು ಬೇಕನ್ ಕಂಡುಹಿಡಿದ ಲಿಪಿಯಲ್ಲೇ, ಎರಡು ಬಗೆಯ ಅಕ್ಷರ ಬಳಸಿ, ಒಂದು ಸಂದೇಶ ಅಡಗಿಸಿದರು: ನಾನು ಆ ನಾಟಕಗಳನ್ನು ಬರೆದಿಲ್ಲ, ಫ್ರಾನ್ಸಿಸ್ ಬೇಕನ್.

ಬೇಕನ್ ಹಿಂದೆ ಸರಿದ ಮೇಲೆ ಮುಂದೆ ಬಂದವನು ಆಕ್ಸ್‌ಫರ್ಡ್‌ನ 17ನೇ ಅರ್ಲ್ ಎಡ್ವರ್ಡ್ ಡಿ ವೇರ್. 1920ರಲ್ಲಿ ಥಾಮಸ್ ಲೋನಿ ಎಂಬ ಇಂಗ್ಲಿಷ್ ಶಾಲಾ ಮೇಷ್ಟ್ರು ಇವನ ಹೆಸರು ಎತ್ತಿದ. ಫ್ರಾಯ್ಡ್ ಒಪ್ಪಿದ್ದು ಇವನನ್ನೇ. ಈಗಲೂ ಅನುಮಾನದವರಲ್ಲಿ ಇವನ ಕಡೆಯವರೇ ಹೆಚ್ಚು. ಡಿ ವೇರ್ ಕುಲೀನ, ಕವಿ, ಇಟಲಿಗೆ ಹೋಗಿ ಬಂದವನು, ಇವನು ಚಿಕ್ಕವನಿದ್ದಾಗಲೇ ಅಪ್ಪ ಸತ್ತ, ಹ್ಯಾಮ್ಲೆಟ್‌ಗೆ ಹೊಂದುತ್ತದೆ ಅಂತಾರೆ. ತೊಂದರೆ ಏನಂದರೆ ಅವನು 1604ರ ಜೂನ್‌ನಲ್ಲೇ ಸತ್ತ. ಮ್ಯಾಕ್‌ಬೆತ್, ಕಿಂಗ್ ಲಿಯರ್, ಆಂಟನಿ ಮತ್ತು ಕ್ಲಿಯೋಪಾತ್ರಾ, ದಿ ಟೆಂಪೆಸ್ಟ್ ಎಲ್ಲ ಆಮೇಲಿನವು. ಟೆಂಪೆಸ್ಟ್‌ನ ಬಿರುಗಾಳಿಯ ವಿವರಗಳು 1609ರಲ್ಲಿ ಬರ್ಮುಡಾ ಬಳಿ ಸೀ ವೆಂಚರ್ ಎಂಬ ಹಡಗು ದಡಕ್ಕೆ ಬಡಿದ ವರದಿಗಳಿಗೆ ಹತ್ತಿರವಾಗಿವೆ. ಸಾಯುವ ಮೊದಲೇ ಬರೆದಿಟ್ಟಿದ್ದ, ಆಮೇಲೆ ಒಂದೊಂದಾಗಿ ಹೊರಗೆ ಬಂದವು ಅನ್ನೋದು ಅವನ ಪರದವರ ಉತ್ತರ. ಇನ್ನು 1598ರಲ್ಲಿ ಫ್ರಾನ್ಸಿಸ್ ಮೆರೆಸ್ ಎಂಬಾತ ಹಾಸ್ಯ ನಾಟಕದಲ್ಲಿ ಒಳ್ಳೆಯವರ ಪಟ್ಟಿ ಕೊಟ್ಟ. ಅದೇ ಪಟ್ಟಿಯಲ್ಲಿ ಆಕ್ಸ್‌ಫರ್ಡ್‌ನ ಅರ್ಲ್ ಹೆಸರೂ ಇದೆ, ಶೇಕ್ಸ್‌ಪಿಯರ್ ಹೆಸರೂ ಇದೆ, ಇಬ್ಬರು ಬೇರೆ ಬೇರೆ ಮನುಷ್ಯರಾಗಿ.

ಮಾರ್ಲೋ ವಾದ ಬೇಗ ಮುಗಿಸುತ್ತೇನೆ. 1593ರ ಮೇ 30ರಂದು ಡೆಟ್‌ಫರ್ಡ್‌ನಲ್ಲಿ ಅವನು ಕೊಲೆಯಾದ. ಅದು ನಾಟಕ, ಅವನು ತಪ್ಪಿಸಿಕೊಂಡು ಹೋಗಿ ಬರೆಯುತ್ತಿದ್ದ ಅಂತ ವಾದ. ಶವಪರೀಕ್ಷೆಯ ಅಧಿಕೃತ ವರದಿ 1925ರಲ್ಲಿ ಸಿಕ್ಕಿ ಪ್ರಕಟವಾಗಿದೆ, ಹೊಡೆದವನ ಹೆಸರು ಸಹಿತ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಈ ನಾಟಕಗಳನ್ನು ಬರೆದವನು ಕಂಪನಿಯ ಒಳಗಿದ್ದವನು ಅನ್ನೋದನ್ನು ನಾಟಕಗಳೇ ಹೇಳುತ್ತವೆ. 1600ರಲ್ಲಿ ಅಚ್ಚಾದ ಮಚ್ ಅಡೋ ಅಬೌಟ್ ನಥಿಂಗ್ ನಾಟಕದ ಪ್ರತಿ ತೆಗೆದು ನಾಲ್ಕನೇ ಅಂಕದ ವಿಚಾರಣೆ ದೃಶ್ಯ ನೋಡಿ. ಡಾಗ್‌ಬೆರಿ ಎಂಬ ಪೆದ್ದ ಕಾವಲುಗಾರ ಮಾತಾಡುವ ಜಾಗದಲ್ಲಿ ಪಾತ್ರದ ಹೆಸರಿಲ್ಲ, ಕೆಂಪ್ ಅಂತ ಇದೆ. ಅವನ ಜೊತೆಗಾರನ ಜಾಗದಲ್ಲಿ ಕೌಲಿ. ವಿಲ್ ಕೆಂಪ್, ರಿಚರ್ಡ್ ಕೌಲಿ ಇಬ್ಬರೂ ಕಂಪನಿಯ ನಟರು. ಬರೆಯುವಾಗ ಕಣ್ಣ ಮುಂದೆ ಪಾತ್ರಕ್ಕಿಂತ ನಟ ನಿಂತಿದ್ದ, ಕೈ ಅವನ ಹೆಸರನ್ನೇ ಬರೆದುಬಿಟ್ಟಿತು, ಅಚ್ಚಿನವನು ಹಾಗೇ ಜೋಡಿಸಿದ. ನಾಲ್ಕನೇ ಹೆನ್ರಿಯ ಎರಡನೇ ಭಾಗದಲ್ಲಿ ಒಬ್ಬ ಪೇದೆ ಬರುವ ಕಡೆ ಸಿಂಕ್ಲೋ ಪ್ರವೇಶ ಅಂತ ಇದೆ. ಜಾನ್ ಸಿಂಕ್ಲೋ ಕಡ್ಡಿಯಂಥ ನಟ. ಆ ದೃಶ್ಯದಲ್ಲಿ ಹೆಂಗಸರು ಅವನನ್ನು ಬೈಯುವುದೆಲ್ಲ ಮೂಳೆ ಚಕ್ಕಳ, ಅಸ್ಥಿಪಂಜರ, ಹಸಿದ ನಾಯಿ ಅಂತ. ಯಾವ ಪಾತ್ರ ಯಾರಿಗೆ ಅಂತ ಬರೆಯುವಾಗಲೇ ತೀರ್ಮಾನವಾಗಿತ್ತು.

ಕೆಂಪ್ 1599ರಲ್ಲಿ ಕಂಪನಿ ಬಿಟ್ಟ. ಅವನ ಜಾಗಕ್ಕೆ ಬಂದ ರಾಬರ್ಟ್ ಆರ್ಮಿನ್ ಬೇರೆ ಥರದವನು, ಹಾಡುಗಾರ, ಚತುರ ಮಾತಿನವನು. ಅದಾದ ಮೇಲೆ ನಾಟಕಗಳಲ್ಲಿ ಹಾಸ್ಯಗಾರನೇ ಬದಲಾಗುತ್ತಾನೆ. ಕುಣಿದು ನಗಿಸುವ ಹಳ್ಳಿಗ ಹೋಗಿ ಟ್ವೆಲ್ಫ್ತ್ ನೈಟ್‌ನ ಫೆಸ್ಟೆ ಬರುತ್ತಾನೆ, ಲಿಯರ್‌ನ ವಿದೂಷಕ ಬರುತ್ತಾನೆ, ಇಬ್ಬರೂ ಹಾಡುತ್ತಾರೆ, ಇಬ್ಬರ ಮಾತೂ ಚುಚ್ಚುತ್ತದೆ. 1609ರ ಸುಮಾರಿಗೆ ಕಂಪನಿ ಬ್ಲ್ಯಾಕ್‌ಫ್ರಯರ್ಸ್ ಎಂಬ ಒಳಾಂಗಣ ಮಂದಿರದಲ್ಲೂ ಆಡತೊಡಗಿತು. ಅಲ್ಲಿ ಬೆಳಕು ಮೇಣದಬತ್ತಿಯದ್ದು, ಬತ್ತಿ ಸರಿಮಾಡಲು ನಡುನಡುವೆ ಬಿಡುವು ಬೇಕು. ಬಯಲು ಮಂದಿರಕ್ಕೆ ಬರೆದ ನಾಟಕಗಳು ತಡೆಯಿಲ್ಲದೆ ಓಡುತ್ತಿದ್ದವು, ಈಗಿನವು ಅಂಕ ಅಂಕವಾಗಿ ನಿಂತು ಸಾಗತೊಡಗಿದವು. 1604ರಲ್ಲಿ ಸತ್ತ ಅರ್ಲ್‌ಗೆ ಈ ಮೇಣದಬತ್ತಿಗಳ ಸಂಗತಿ ಗೊತ್ತಾಗೋದು ಹೇಗೆ?

ಇದರ ಜೊತೆಗೆ ಕೈಗವಸಿನ ಅಂಗಡಿ ಕೂಡ ನಾಟಕಗಳೊಳಗೆ ಬರುತ್ತದೆ. ಒಂದು ನಾಟಕದಲ್ಲಿ ಶೇಕ್ಸ್‌ಪಿಯರ್ ಒಬ್ಬನ ಗುಂಡಗಿನ ಗಡ್ಡವನ್ನು ಕೈಗವಸಿನವನ ತೊಗಲು ಹೆರೆಯುವ ಕತ್ತಿಗೆ ಹೋಲಿಸುತ್ತಾನೆ. ಚುರುಕು ಬುದ್ಧಿಯವನಿಗೆ ಮಾತು ಅನ್ನೋದು ಮೇಕೆಮರಿ ತೊಗಲಿನ ಕೈಗವಸಿನ ಹಾಗೆ, ಎಷ್ಟು ಬೇಗ ಒಳಮೈ ಹೊರಮಾಡಬಹುದು ಅಂತ ಇನ್ನೊಂದು ಕಡೆ. ಅರಮನೆಯಲ್ಲಿ ಹುಟ್ಟಿದವನಿಗೂ ಕೈಗವಸು ಗೊತ್ತು. ಹೆರೆಯುವ ಕತ್ತಿಯ ಆಕಾರ ಗೊತ್ತಿರೋದು ಆ ಕಸುಬಿನ ಮನೆಯವನಿಗೆ.

ಕೃತಿ ಯಾರದ್ದು ಅನ್ನುವ ಚರ್ಚೆ ನಮ್ಮಲ್ಲೂ ಇದೆ. ಕವಿರಾಜಮಾರ್ಗ ನೃಪತುಂಗನದ್ದೋ ಶ್ರೀವಿಜಯನದ್ದೋ ಅಂತ ವಿದ್ವಾಂಸರು ವಾದಿಸಿದ್ದಾರೆ. ಆದರೆ ಅಲ್ಲಿ ಪ್ರಶ್ನೆ ಎದ್ದದ್ದು ಕೃತಿಯ ಒಳಗಿಂದ, ನೃಪತುಂಗನ ಒಪ್ಪಿಗೆ ಪಡೆದದ್ದು ಅಂತ ಕೃತಿಯೇ ಹೇಳಿಕೊಳ್ಳುವುದರಿಂದ, ಶ್ರೀವಿಜಯನ ಹೆಸರೂ ಅದರಲ್ಲೇ ಬರುವುದರಿಂದ. ಶೇಕ್ಸ್‌ಪಿಯರ್ ವಿಷಯದಲ್ಲಿ 1598ರಿಂದ ನಾಟಕಗಳ ಮುಖಪುಟದ ಮೇಲೆ ಹೆಸರಿದೆ, ಸಮಕಾಲೀನರ ಸಾಕ್ಷ್ಯ ಇದೆ, ಅನುಮಾನ ಬಂದದ್ದು ಹೊರಗಿಂದ, ಇಂಥವನು ಬರೆಯಲಾರ ಅನ್ನುವ ಊಹೆಯಿಂದ.

ಹಾಗಂತ ಕೃತಿಯ ಒಳಗಿಂದ ಏಳುವ ಪ್ರಶ್ನೆ ಶೇಕ್ಸ್‌ಪಿಯರ್‌ಗೆ ಇಲ್ಲವೇ ಅಂದರೆ ಖಂಡಿತ ಇದೆ. ನಾನು ಮೊದಲು ಹೇಳಿದ್ದು ಅದನ್ನೇ. ಅವನು ಎಲ್ಲವನ್ನೂ ಒಬ್ಬನೇ ಬರೆದನಾ? ಇಲ್ಲ. ಆಗ ನಾಟಕ ಬರೆಯೋದು ಎಷ್ಟೋ ಸಲ ಇಬ್ಬರು ಮೂವರು ಕೂಡಿ ಮಾಡುವ ಕೆಲಸ. ದಿ ಟೂ ನೋಬಲ್ ಕಿನ್ಸ್‌ಮೆನ್ 1634ರಲ್ಲಿ ಅಚ್ಚಾದಾಗ ಜಾನ್ ಫ್ಲೆಚರ್ ಮತ್ತು ಶೇಕ್ಸ್‌ಪಿಯರ್ ಇಬ್ಬರ ಹೆಸರೂ ಇತ್ತು. ಎಂಟನೇ ಹೆನ್ರಿ ಕೂಡ ಇವರಿಬ್ಬರದ್ದೇ ಅಂತ 1850ರಲ್ಲಿ ಛಂದಸ್ಸು ಪರೀಕ್ಷಿಸಿ ತೋರಿಸಿದವನು ಜೇಮ್ಸ್ ಸ್ಪೆಡಿಂಗ್. ಇವನು ಫ್ರಾನ್ಸಿಸ್ ಬೇಕನ್‌ನ ಕೃತಿಗಳ ಸಂಪಾದಕ, ಬೇಕನ್ ಬರವಣಿಗೆಯನ್ನು ಇವನಷ್ಟು ಬಲ್ಲವರು ಆಗ ಇರಲಿಲ್ಲ. ಶೇಕ್ಸ್‌ಪಿಯರ್ ನಾಟಕಗಳು ಬೇಕನ್‌ನದ್ದು ಅನ್ನೋದನ್ನು ಇವನು ಒಪ್ಪಲಿಲ್ಲ. ಪೆರಿಕ್ಲಿಸ್‌ನ ಮೊದಲ ಅರ್ಧ ಜಾರ್ಜ್ ವಿಲ್ಕಿನ್ಸ್‌ನದ್ದು, ಟೈಮನ್‌ನಲ್ಲಿ ಥಾಮಸ್ ಮಿಡಲ್‌ಟನ್‌ನ ಕೈ ಇದೆ, ಟೈಟಸ್ ಆಂಡ್ರಾನಿಕಸ್‌ನ ಮೊದಲ ಅಂಕ ಜಾರ್ಜ್ ಪೀಲ್‌ನದ್ದು ಅಂತ ಈಗ ಬಹುತೇಕರು ಒಪ್ಪುತ್ತಾರೆ.

ಇದನ್ನೆಲ್ಲ ಕಂಡುಹಿಡಿಯೋದು ಬರಹಗಾರನ ಸಣ್ಣಪುಟ್ಟ ಚಾಳಿಗಳಿಂದ. ಫ್ಲೆಚರ್ ಒಂದು ಸರ್ವನಾಮದ ಹಳೆಯ ರೂಪವನ್ನು ಮತ್ತೆ ಮತ್ತೆ ಬಳಸುತ್ತಾನೆ, ಶೇಕ್ಸ್‌ಪಿಯರ್ ಅದನ್ನು ಅಪರೂಪಕ್ಕೆ ಬಳಸುತ್ತಾನೆ. ಸಾಲಿನ ಕೊನೆಯಲ್ಲಿ ಒಂದು ಉಚ್ಚಾರಾಂಶ ಹೆಚ್ಚು ಬಿಡುವುದು, ಯಾವ ಸಣ್ಣ ಪದ ಎಷ್ಟು ಸಲ ಬರುತ್ತದೆ, ಇಂಥವು. ಬರೆಯುವವನ ಗಮನಕ್ಕೇ ಬಾರದ ವಿಷಯಗಳಾದ್ದರಿಂದ ನಕಲು ಮಾಡೋದು ಕಷ್ಟ. ಇದೇ ರೀತಿಯಲ್ಲಿ ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್‌ನಲ್ಲಿ ಒಂದು ವಿದ್ಯಾರ್ಥಿ ತಂಡ 1987ರಿಂದ ಶುರುಮಾಡಿ ಅನುಮಾನದವರು ಸೂಚಿಸಿದ ಹಲವು ಕವಿಗಳನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿತು. ಆಕ್ಸ್‌ಫರ್ಡ್ ಅರ್ಲ್ ಸೇರಿ ಯಾರೂ ಶೇಕ್ಸ್‌ಪಿಯರ್‌ಗೆ ಹೊಂದಲಿಲ್ಲ.

ಸಹಿ ಬಿಟ್ಟರೆ ಅವನ ಕೈಬರಹ ಇಲ್ಲ ಅಂದೆನಲ್ಲ, ಒಂದು ಕಡೆ ಬಹುಶಃ ಇದೆ. ಬ್ರಿಟಿಷ್ ಲೈಬ್ರರಿಯಲ್ಲಿ ಸರ್ ಥಾಮಸ್ ಮೋರ್ ಎಂಬ ನಾಟಕದ ಹಸ್ತಪ್ರತಿ ಇದೆ, ಹಲವರ ಕೈಯಲ್ಲಿ ಬರೆದದ್ದು. 1517ರಲ್ಲಿ ಲಂಡನ್ನಿನ ಜನ ಹೊರದೇಶದವರ ಮೇಲೆ ದಂಗೆ ಎದ್ದ ಕಥೆ. ಅದರ ಮೂರು ಪುಟ ಬರೆದ ಕೈಗೆ ವಿದ್ವಾಂಸರು ಡಿ ಕೈ ಅಂತ ಹೆಸರಿಟ್ಟಿದ್ದಾರೆ, ಅದು ಶೇಕ್ಸ್‌ಪಿಯರ್‌ನದ್ದು ಅನ್ನುವ ಅಭಿಪ್ರಾಯ 1871ರಿಂದ ಬೆಳೆದು ಈಗ ಹೆಚ್ಚಿನವರು ಒಪ್ಪುವ ಮಟ್ಟಕ್ಕೆ ಬಂದಿದೆ. ಆ ಪುಟಗಳಲ್ಲಿ ಮೋರ್ ದಂಗೆಕೋರರನ್ನು ಕೇಳುತ್ತಾನೆ: ಬೆನ್ನ ಮೇಲೆ ಮಕ್ಕಳನ್ನು ಹೊತ್ತು, ಬಡ ಗಂಟುಮೂಟೆ ಹಿಡಿದು ಬಂದರಿನ ಕಡೆ ನಡೆಯುವ ಆ ಪರದೇಶಿಗಳನ್ನು ಕಣ್ಣಿಗೆ ತಂದುಕೊಳ್ಳಿ. ನಾಳೆ ರಾಜ ನಿಮ್ಮನ್ನೇ ಗಡಿಪಾರು ಮಾಡಿದರೆ ಎಲ್ಲಿಗೆ ಹೋಗುತ್ತೀರಿ, ಅಲ್ಲಿಯವರು ನಿಮ್ಮನ್ನು ಹೀಗೇ ನಡೆಸಿಕೊಂಡರೆ ಏನನ್ನಿಸುತ್ತದೆ? ಇದನ್ನು ಓದಿದಾಗ ನನಗೆ ಬೇರೆ ಪುರಾವೆ ಬೇಕು ಅನ್ನಿಸುವುದಿಲ್ಲ, ಆದರೂ ವಿದ್ವಾಂಸರು ಕಾಗುಣಿತ, ಅಕ್ಷರದ ತಿರುವು ಎಲ್ಲ ಹಿಡಿದು ಪರೀಕ್ಷಿಸಿದ್ದಾರೆ, ಅದು ಒಳ್ಳೆಯದೇ.

ಈಗಿನ ಜಗಳಗಳು ಇಂಥ ಜಾಗಗಳಲ್ಲಿ ನಡೆಯುತ್ತಿವೆ. 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ತಂದ ಶೇಕ್ಸ್‌ಪಿಯರ್‌ನ ಹೊಸ ಸಂಪುಟ ಆರನೇ ಹೆನ್ರಿಯ ಮೂರೂ ಭಾಗಗಳಿಗೆ ಮಾರ್ಲೋನನ್ನು ಸಹಲೇಖಕ ಅಂತ ಹೆಸರಿಸಿ ಮುಖಪುಟದಲ್ಲೇ ಹಾಕಿತು. ಆಧಾರ ಪದಗಳ ಎಣಿಕೆ. ಕೆಲವು ವಿದ್ವಾಂಸರು ಒಪ್ಪಿದರು, ಕೆಲವರು ಎಣಿಸಿದ ರೀತಿಯೇ ಸರಿಯಿಲ್ಲ, ಅಷ್ಟು ಚಿಕ್ಕ ದೃಶ್ಯಗಳಿಂದ ಅಷ್ಟು ದೊಡ್ಡ ತೀರ್ಮಾನ ಬೇಡ ಅಂದರು. ಚರ್ಚೆ ನಡೆಯುತ್ತಲೇ ಇದೆ.